ನೆತ್ತಿಗೆ ಹತ್ತದ ನೀರು

"ಏನೂ ಇಲ್ಲ ಕಣವ್ವ, ಚೆನ್ನಾಗೇ ನುಂಗ್ತೀನಿ" ಅಂದರು ಯಜಮಾನರು. ಹಾಗಂದು ಹೆಗಲ ಮೇಲಿನ ಟವೆಲ್ ತೆಗೆದು ಬಾಯಿ ಒರೆಸಿಕೊಂಡರು. ಎರಡು ನಿಮಿಷ ಬಿಟ್ಟು ಮತ್ತೆ ಒರೆಸಿಕೊಂಡರು. ನಾನು ನೋಡಿದೆ, ಆದರೆ ಫೈಲಿನಲ್ಲಿ ಬರೆಯಲಿಲ್ಲ. ಈ ಪ್ರಕರಣವನ್ನು ಇಷ್ಟು ಉದ್ದಕ್ಕೆ ಬರೆಯಲು ಕೂತಿರುವುದು ಆ ಟವೆಲ್ ಕಾರಣಕ್ಕೇ.

ನಾನು ಹಾಸನದಲ್ಲಿ ಕೆಲಸ ಮಾಡುವ ವಾಕ್-ಶ್ರವಣ ತಜ್ಞೆ. ಜನ ಕರೆಯುವುದು ಸ್ಪೀಚ್ ಮೇಡಂ ಅಂತ. ತೊದಲುವ ಮಕ್ಕಳು, ಮಾತು ನಿಂತ ಹಿರಿಯರು ಬರುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ನುಂಗುವ ತೊಂದರೆ ನೋಡುವವರೂ ನಾವೇ ಅಂತ ಗೊತ್ತಿರುವವರು ಕಡಿಮೆ. ಯಜಮಾನರ ಮಗನೂ ಮೊದಲು ಕೇಳಿದ್ದು ಅದನ್ನೇ: "ಅಪ್ಪ ಮಾತಾಡ್ತಾರಲ್ಲ ಮೇಡಂ, ಇಲ್ಲಿಗ್ಯಾಕೆ ಕಳಿಸಿದ್ರು?" (ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ, ಕಾಯಿಲೆಯ ವಿವರ ಮಾತ್ರ ಇದ್ದಹಾಗೇ ಇದೆ.)

ಆಲೂರು ಕಡೆಯ ರೈತರು, ವಯಸ್ಸು 67. ಜೂನ್ ಮೊದಲ ವಾರ, ಆಲೂಗಡ್ಡೆ ಬಿತ್ತನೆಯ ಗಡಿಬಿಡಿ. ಹೊಲದಲ್ಲಿ ತಲೆ ಸುತ್ತಿತು, ವಾಂತಿ ಆಯಿತು. ಪಿತ್ತ ಅಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಸಿದರು. ಪಾನಕ ಮೂಗಿನಲ್ಲಿ ಬಂತು. ಎದ್ದು ನಿಂತರೆ ಎಡಕ್ಕೆ ವಾಲುತ್ತಿದ್ದರು, ದನಿ ಒಡೆದಿತ್ತು, ಬಿಕ್ಕಳಿಕೆ ಹತ್ತಿದ್ದು ನಿಲ್ಲಲೇ ಇಲ್ಲ. ಹಾಸನಕ್ಕೆ ತಂದು ಎಂಆರ್‌ಐ ಮಾಡಿಸಿದಾಗ ಮೆದುಳಿನ ಬುಡದಲ್ಲಿ, ಅಂದರೆ ಮೆಡುಲ್ಲಾ ಅನ್ನುವ ಭಾಗದ ಎಡಪಕ್ಕದಲ್ಲಿ, ರಕ್ತ ಓಡದೆ ಒಂದು ಸಣ್ಣ ಜಾಗ ಸತ್ತಿರುವುದು ಕಾಣಿಸಿತು.

ಇದು ಮೋಸದ ಸ್ಟ್ರೋಕ್. ಲಕ್ವ ಹೊಡೆದರೆ ಕೈ-ಕಾಲು ಬೀಳಬೇಕು, ಬಾಯಿ ಸೊಟ್ಟ ಆಗಬೇಕು ಅಂತ ನಮ್ಮ ಲೆಕ್ಕ, ಅಲ್ವಾ? ಇವರಿಗೆ ಕೈ-ಕಾಲಿನ ಶಕ್ತಿ ಪೂರ್ತಿ ಇತ್ತು. ಎಡ ರೆಪ್ಪೆ ಸ್ವಲ್ಪ ಜೋತಿತ್ತು, ಎಡ ಕೆನ್ನೆ ಜೋಮು ಹಿಡಿದಹಾಗಿತ್ತು. ಇನ್ನೊಂದು ವಿಚಿತ್ರ: ಸ್ನಾನಕ್ಕೆ ಕೂತಾಗ ಬಲಗೈ ಮೇಲೆ ಬಿಸಿನೀರು ಬಿದ್ದರೆ ಬಿಸಿ ಅಂತಲೇ ಗೊತ್ತಾಗುತ್ತಿರಲಿಲ್ಲ. ಮುಖದ ಒಂದು ಕಡೆ, ಮೈಯಲ್ಲಿ ಅದರ ಎದುರು ಕಡೆ ನೋವು, ಬಿಸಿ-ತಣ್ಣಗಿನ ಅರಿವು ಹೋಗುವುದು ಈ ಜಾಗದ ಸ್ಟ್ರೋಕಿನ ಗುರುತು. ಅದೇ ಇಕ್ಕಟ್ಟಿನಲ್ಲಿ ಗಂಟಲಿನ ಸ್ನಾಯುಗಳನ್ನು ನಡೆಸುವ ನರದ ಬುಡವೂ ಇದೆ. ನುಂಗುವ ಕೆಲಸದ ಯಜಮಾನಿಕೆ ಇರುವುದೇ ಅಲ್ಲಿ.

ಆಸ್ಪತ್ರೆಯಲ್ಲಿ 9 ದಿನ ಇದ್ದರು, ಮೂಗಿನಲ್ಲಿ ಹೊಟ್ಟೆಗೆ ಊಟ ಇಳಿಸುವ ರೈಲ್ಸ್ ಟ್ಯೂಬ್. ಟ್ಯೂಬ್ ತೆಗೆದು, ಮೆತ್ತಗಿರೋದು ತಿನ್ನಿಸಿ ಅಂತ ಹೇಳಿ ಮನೆಗೆ ಕಳಿಸಿದರು. ಮೂರು ವಾರಕ್ಕೆ ಜ್ವರ ಬಂತು, ಬಲ ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ. ಅದು ಇಳಿದ ಮೇಲೆ ಫಿಸಿಷಿಯನ್ ನನ್ನ ಹತ್ತಿರ ಕಳಿಸಿದರು. ತೂಕ 6 ಕೆಜಿ ಇಳಿದಿತ್ತು.

ನುಂಗುವ ಪರೀಕ್ಷೆ ಶುರುವಾಗುವುದು ಮಾತಿನಿಂದ. ಏನು ತಿಂದರೆ ಕಷ್ಟ, ನೀರಾ, ಅನ್ನವಾ, ಎಷ್ಟು ಹೊತ್ತು ಹಿಡಿಯುತ್ತೆ, ಊಟ ಆದಮೇಲೆ ದನಿ ಬದಲಾಗುತ್ತಾ, ಜ್ವರ ಬಂದಿತ್ತಾ. ಈಟ್-10 ಅಂತ 10 ಪ್ರಶ್ನೆಗಳ ಒಂದು ಪಟ್ಟಿ ಇದೆ, 2008ರಿಂದ ಬಳಕೆಯಲ್ಲಿದೆ. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ 4ರವರೆಗೆ ಅಂಕ. ಒಟ್ಟು 3 ಅಥವಾ ಜಾಸ್ತಿ ಬಂದರೆ ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ. ಒಂದೊಂದೇ ಪ್ರಶ್ನೆ ಕನ್ನಡದಲ್ಲಿ ಕೇಳಿದೆ. ಯಜಮಾನರು ಕೊಟ್ಟ ಅಂಕ 4. ಪಕ್ಕದಲ್ಲಿದ್ದ ಅಮ್ಮನವರು ತಡೆಯಲಾರದೆ "ಸುಳ್ಳು ಕಣಮ್ಮ, ಒಂದು ತಟ್ಟೆ ಅನ್ನಕ್ಕೆ ಮುಕ್ಕಾಲು ಗಂಟೆ ತಗೋತಾರೆ" ಅಂದರು. ಸುಮ್ನೆ ಕುತೂಹಲಕ್ಕೆ ಅವರನ್ನೂ ಅದೇ 10 ಪ್ರಶ್ನೆ ಕೇಳಿದೆ, 21 ಬಂತು. ನಿಯಮದ ಪ್ರಕಾರ ಇದು ರೋಗಿಯೇ ಉತ್ತರ ಕೊಡಬೇಕಾದ ಪಟ್ಟಿ, ಹೆಂಡತಿಯ ಅಂಕಕ್ಕೆ ಬೆಲೆ ಇಲ್ಲ. ನನ್ನ ಅನುಭವದಲ್ಲಿ ಮನೆಯಲ್ಲಿ ಬಡಿಸುವವರ ಅಂಕವೇ ಸತ್ಯಕ್ಕೆ ಹತ್ತಿರ.

ಆಮೇಲೆ ಬಾಯಿ, ಗಂಟಲು ನೋಡಿದೆ. "ಆ" ಅಂತ ಅನ್ನಿಸಿದಾಗ ಕಿರುನಾಲಗೆ ಬಲಕ್ಕೆ ಎಳೆದುಕೊಂಡಿತು, ಅಂದರೆ ಎಡಗಡೆ ಸೋತಿದೆ. ನಾಲಿಗೆ ಚೆನ್ನಾಗಿತ್ತು. ದನಿಯಲ್ಲಿ ಗಾಳಿ ಸೋರುತ್ತಿತ್ತು, ಬೇಕಂತಲೇ ಕೆಮ್ಮಿ ಅಂದರೆ ಕೆಮ್ಮಿಗೆ ಜೋರೇ ಇರಲಿಲ್ಲ. ಗಂಟಲಿಗೆ ಕಡ್ಡಿ ತಾಗಿಸಿದರೆ ಓಕರಿಕೆ ಬರುತ್ತಾ ಅಂತ ಕೆಲವರು ಇವತ್ತಿಗೂ ನೋಡಿ, ಬಂದರೆ ನುಂಗೋದು ಸರಿ ಇದೆ ಅಂತ ಬರೆದುಬಿಡುತ್ತಾರೆ. ಅದಕ್ಕೂ ಇದಕ್ಕೂ ನಂಬುವಂಥ ಸಂಬಂಧ ಇಲ್ಲ. ಆರೋಗ್ಯವಾಗಿರುವ ಎಷ್ಟೋ ಜನರಿಗೆ ಓಕರಿಕೆ ಬರುವುದೇ ಇಲ್ಲ, ಅವರೆಲ್ಲ ಮುದ್ದೆ ನುಂಗಿಕೊಂಡು ಸುಖವಾಗಿದ್ದಾರೆ.

ಕೊನೆಗೆ ನೀರು. ಗಂಟಲಿನ ಮೇಲೆ ನಾಲ್ಕು ಬೆರಳು ಇಟ್ಟು, ಧ್ವನಿಪೆಟ್ಟಿಗೆ ಮೇಲೆ ಏಳುತ್ತಾ ಅಂತ ನೋಡುತ್ತಾ, ಚಮಚದಲ್ಲಿ 5 ಮಿಲಿ ಕೊಟ್ಟೆ. ನುಂಗಿದರು. ಕೆಮ್ಮಲಿಲ್ಲ. ಹೀಗೆ ಐದು ಚಮಚ. ಕಿವುಚಿದ ಬಾಳೆಹಣ್ಣು ಕೊಟ್ಟೆ, ಒಂದು ತುತ್ತಿಗೆ ಮೂರು-ನಾಲ್ಕು ಸಲ ನುಂಗಿದರು, ಆಗಲೂ ಕೆಮ್ಮಲಿಲ್ಲ. ದನಿ ಸ್ವಲ್ಪ ಗೊರಗೊರ ಅಂತು. ಮೊದಲೇ ಒಡೆದ ದನಿ, ಅದರದ್ದೇ ಇರಬೇಕು ಅಂದುಕೊಂಡೆ. ಮಗ ಬೆರಳಿಗೆ ಆಕ್ಸಿಮೀಟರ್ ಹಾಕಿ ಹಿಡಿದುಕೊಂಡಿದ್ದರು, 97 ತೋರಿಸುತ್ತಿತ್ತು, ಅದೂ ಧೈರ್ಯ ಕೊಟ್ಟಿತು. ಕೊಡಬಾರದಿತ್ತು. ನೀರು ಶ್ವಾಸನಾಳಕ್ಕೆ ಇಳಿದ ತಕ್ಷಣ ಆಕ್ಸಿಜನ್ ಬೀಳುತ್ತೆ ಅನ್ನುವುದು ನಂಬಿಕೆಗೆ ಯೋಗ್ಯವಾದ ಲೆಕ್ಕ ಅಲ್ಲ.

90 ಮಿಲಿ ನೀರಿನ ಪರೀಕ್ಷೆ ಅಂತ ಇದೆ. ಸುಮಾರು ಅರ್ಧ ಲೋಟ ನೀರನ್ನು ನಿಲ್ಲಿಸದೆ ಕುಡಿಯಬೇಕು. ಮಧ್ಯ ನಿಲ್ಲಿಸಿದರೂ ಫೇಲು, ಕೆಮ್ಮಿದರೂ ಫೇಲು. ಚಮಚ ನೀರಿಗೆ ಸುಮ್ಮನಿರುವ ಗಂಟಲು ಇಷ್ಟು ನೀರಿಗೆ ಬಾಯಿ ಬಿಡುವುದುಂಟು. ಈಗಷ್ಟೇ ನ್ಯುಮೋನಿಯಾ ಆಗಿದೆ, ಯಾಕೆ ರಿಸ್ಕು ಅಂತ ನಾನು ಅದನ್ನು ಮಾಡಲಿಲ್ಲ. ಸರಿ, ಮಾಡದಿರುವುದಕ್ಕೆ ಕಾರಣ ಇತ್ತು ಅಂತಲೇ ಇಟ್ಟುಕೊಳ್ಳಿ. ಆದರೆ ಮಾಡದ ಪರೀಕ್ಷೆಯನ್ನು ಪಾಸು ಅಂತ ಲೆಕ್ಕ ಹಿಡಿದೆನಲ್ಲ, ಅದು ತಪ್ಪು. "ಗದ್ದ ಎದೆಗೆ ತಾಗಿಸಿಕೊಂಡು ಸಣ್ಣ ಸಣ್ಣ ಗುಟುಕು ಕುಡೀರಿ" ಅಂತ ಹೇಳಿ ಮನೆಗೆ ಕಳಿಸಿದೆ.

ಹನ್ನೆರಡನೇ ದಿನ ಮಗನ ಫೋನು. ಮತ್ತೆ ಜ್ವರ, ಮತ್ತೆ ಬಲ ಶ್ವಾಸಕೋಶ.

ಏನಾದರೂ ಗಂಟಲಲ್ಲಿ ಅಡ್ಡ ಹೋದರೆ ನಾವು ನೆತ್ತಿಗೆ ಹತ್ತಿತು ಅನ್ನುತ್ತೇವೆ. ತಲೆ ತಟ್ಟುತ್ತೇವೆ, ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ನಗುತ್ತೇವೆ. ಅಲ್ಲಿ ಕೆಮ್ಮು ಕಾವಲುಗಾರ. ಧ್ವನಿಪೆಟ್ಟಿಗೆಯ ಒಳಚರ್ಮಕ್ಕೆ ನೀರು ತಾಗಿದ್ದು ನರಕ್ಕೆ ಗೊತ್ತಾಗಬೇಕು, ಗೊತ್ತಾದರೆ ಕೆಮ್ಮು ಬರುತ್ತೆ, ನೀರು ಆಚೆ ಬರುತ್ತೆ. ಆ ನರವೇ ಮಂಕಾಗಿದ್ದರೆ? ನೀರು ತನ್ನ ಪಾಡಿಗೆ ಶ್ವಾಸನಾಳಕ್ಕೆ ಇಳಿಯುತ್ತೆ. ಕೆಮ್ಮಿಲ್ಲ, ನೆತ್ತಿಯೂ ಇಲ್ಲ. ನಮ್ಮ ಭಾಷೆಯಲ್ಲಿ ಇದನ್ನು ಸೈಲೆಂಟ್ ಆಸ್ಪಿರೇಷನ್ ಅನ್ನುತ್ತಾರೆ. ಹಾಸಿಗೆ ಪಕ್ಕ ಕೂತು ಚಮಚ ಹಿಡಿದು ಮಾಡುವ ಪರೀಕ್ಷೆಯಲ್ಲಿ ಎಂಥ ಅನುಭವಿಗೂ ಇದು ತಪ್ಪಿಹೋಗಬಹುದು, ಯಾಕಂದ್ರೆ ಅಲ್ಲಿ ನಾವು ಕಾಯುವುದೇ ಕೆಮ್ಮಿಗೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ, ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೆ. ಆದರೂ ಎದುರಿಗೆ ಕೂತ ಮನುಷ್ಯ ಕೆಮ್ಮದೆ ನಕ್ಕರೆ ನಾವೂ ನಕ್ಕುಬಿಡುತ್ತೇವೆ.

ಮತ್ತೆ ಆ ಟವೆಲ್. ಎಂಜಲು ನುಂಗುವುದೂ ನುಂಗುವುದೇ. ಆಸ್ಟ್ರಿಯಾದಲ್ಲಿ ಮಾಡಿದ ಗುಗ್ಗಿಂಗ್ ಪರೀಕ್ಷೆಯಲ್ಲಿ ಮೊದಲು ನೋಡುವುದು ಎಂಜಲನ್ನೇ. ಅದಾದ ಮೇಲೆ ಮಂದ ಪದಾರ್ಥ, ಆಮೇಲೆ ನೀರು, ಕೊನೆಗೆ ಗಟ್ಟಿ. ಒಟ್ಟು 20 ಅಂಕ, ಒಂದು ಹಂತ ದಾಟದಿದ್ದರೆ ಮುಂದಿನದ್ದು ಕೊಡುವುದಿಲ್ಲ. ತನ್ನ ಎಂಜಲನ್ನೇ ನುಂಗಲಾಗದೆ ಒರೆಸಿಕೊಳ್ಳುತ್ತಿದ್ದ ಮನುಷ್ಯನಿಗೆ ನಾನು ಚಮಚ ಹಿಡಿದು ಹೋಗಿದ್ದೆ.

ಜ್ವರ ಇಳಿದ ಮೇಲೆ, ಈ ಸಲ ಮೂಗಿನಲ್ಲಿ ಟ್ಯೂಬ್ ಹಾಕಿಸಿಕೊಂಡೇ ಬಂದರು. "ಫೀಸ್ ಮಾಡಿಸಬೇಕು" ಅಂದೆ. ಮಗ ಪರ್ಸ್ ತೆಗೆದು "ಎಷ್ಟು ಮೇಡಂ?" ಅಂದರು. ಈ ಹೆಸರಿನಿಂದ ನಮಗೆ ದಿನಾ ಇದೇ ಪಾಡು. 1988ರಲ್ಲಿ ಅಮೆರಿಕದ ಸೂಸನ್ ಲ್ಯಾಂಗ್‌ಮೋರ್ ಮತ್ತು ಜೊತೆಯವರು ಪ್ರಕಟಿಸಿದ ಪರೀಕ್ಷೆ ಇದು. ತುದಿಯಲ್ಲಿ ಕ್ಯಾಮೆರಾ ಇರುವ, ತೆಳುವಾದ, ಬಾಗುವ ನಳಿಕೆಯನ್ನು ಮೂಗಿನಿಂದ ಇಳಿಸಿ ಗಂಟಲಿನ ಮೇಲ್ಗಡೆ ನಿಲ್ಲಿಸಿ, ರೋಗಿ ಎಚ್ಚರವಾಗಿ ಕೂತು ತಿನ್ನುವಾಗ ಒಳಗೆ ಏನಾಗುತ್ತೆ ಅಂತ ನೋಡುವುದು. ಇಎನ್‌ಟಿ ಡಾಕ್ಟರ್ ನಳಿಕೆ ಹಿಡಿದರು, ನಾನು ಬಟ್ಟಲು ಹಿಡಿದೆ. ನೀರಿಗೆ ನೀಲಿ ಬಣ್ಣ, ಅಡುಗೆಗೆ ಹಾಕುವಂಥದ್ದೇ. ಬಣ್ಣ ಇಲ್ಲದಿದ್ದರೆ ಒಳಗಿನ ಕೆಂಪಿನಲ್ಲಿ ನೀರು ಕಾಣುವುದಿಲ್ಲ.

ಏನೂ ಕೊಡುವ ಮೊದಲೇ ಅರ್ಧ ಉತ್ತರ ಪರದೆ ಮೇಲಿತ್ತು. ಎಡ ಧ್ವನಿತಂತು ಅಲ್ಲಾಡುತ್ತಿರಲಿಲ್ಲ. ಅನ್ನನಾಳದ ಬಾಗಿಲ ಅಕ್ಕಪಕ್ಕ ಎರಡು ಪುಟ್ಟ ಗುಂಡಿಗಳಿರುತ್ತವೆ. ಎಡಗಡೆಯ ಗುಂಡಿ ಎಂಜಲಿನಿಂದ ತುಂಬಿ, ಮಳೆಗಾಲದ ಹೊಂಡದ ಹಾಗೆ ಅಂಚು ಮೀರಿ, ಉಸಿರು ಎಳೆದಾಗಲೆಲ್ಲ ಒಂದೊಂದು ಎಳೆ ಧ್ವನಿಪೆಟ್ಟಿಗೆಯೊಳಗೆ ಜಾರುತ್ತಿತ್ತು. ಡಾಕ್ಟರ್ ನಳಿಕೆಯ ತುದಿಯಿಂದ ಎಡಪಕ್ಕ ಮೆಲ್ಲಗೆ ಮುಟ್ಟಿದರು. ಯಜಮಾನರಿಗೆ ಗೊತ್ತೇ ಆಗಲಿಲ್ಲ. ಬಲಪಕ್ಕ ಮುಟ್ಟಿದಾಗ ಮುಖ ಹಿಂಡಿದರು.

ನೀಲಿ ನೀರು, 5 ಮಿಲಿ, ಅದೇ ಚಮಚ. ನುಂಗುವ ಕ್ಷಣ ಪರದೆ ಬೆಳ್ಳಗಾಗುತ್ತೆ. ಗಂಟಲು ನಳಿಕೆಯನ್ನೇ ಹಿಂಡುವುದರಿಂದ ಅರ್ಧ ಸೆಕೆಂಡು ಏನೂ ಕಾಣುವುದಿಲ್ಲ. ಬಿಳುಪು ಸರಿದಾಗ ಧ್ವನಿತಂತುಗಳ ಕೆಳಗೆ, ಶ್ವಾಸನಾಳದ ಗೋಡೆ ಮೇಲೆ, ನೀಲಿ ಗೆರೆ. ಯಜಮಾನರು ಆರಾಮಾಗಿ ನನ್ನ ಮುಖ ನೋಡುತ್ತಿದ್ದರು. ಕೆಮ್ಮಿಲ್ಲ. "ಆಯ್ತಾ?" ಅಂದರು. ಮಗನನ್ನು ಕರೆದು ಪರದೆ ತೋರಿಸಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ.

ಇದನ್ನು ಬರೆದಿಡಲು 1996ರ ರೋಸೆನ್‌ಬೆಕ್ ಅಳತೆಪಟ್ಟಿ ಬಳಸುತ್ತೇವೆ, 1ರಿಂದ 8ರವರೆಗೆ. 1 ಅಂದರೆ ಉಸಿರಿನ ದಾರಿಗೆ ಏನೂ ಹೋಗಿಲ್ಲ. 2ರಿಂದ 5 ಅಂದರೆ ದಾರಿಗೆ ಹೋದರೂ ಧ್ವನಿತಂತು ದಾಟಿಲ್ಲ. 6ರಿಂದ ಮೇಲೆ ದಾಟಿದೆ. ದಾಟಿಯೂ ದೇಹ ಅದನ್ನು ಹೊರಹಾಕಲು ಪ್ರಯತ್ನವನ್ನೇ ಮಾಡದಿದ್ದರೆ 8. ಫೈಲಿನಲ್ಲಿ 8 ಅಂತ ಬರೆದೆ. ಮೂರು ವಾರದ ಹಿಂದೆ ಅದೇ ಮನುಷ್ಯ, ಅದೇ 5 ಮಿಲಿ, ನನ್ನದೇ ಕೈಬರಹದಲ್ಲಿ "ತೊಂದರೆ ಕಾಣಲಿಲ್ಲ" ಅಂತಿತ್ತು.

ತಪ್ಪು ಕಂಡುಹಿಡಿದು ಎದ್ದುಬರುವುದಲ್ಲ ಈ ಪರೀಕ್ಷೆ. ಯಾವ ಉಪಾಯಕ್ಕೆ ಗಂಟಲು ಒಪ್ಪುತ್ತೆ ಅಂತ ಅಲ್ಲೇ, ನಳಿಕೆ ಒಳಗಿರುವಾಗಲೇ ಹುಡುಕಬೇಕು. ನಾನು ಹೇಳಿಕೊಟ್ಟಿದ್ದ ಗದ್ದ ಕೆಳಗೆ ಮಾಡುವ ಉಪಾಯ ನೋಡಿದೆವು, ಪ್ರಯೋಜನ ಇಲ್ಲ, ಗುಂಡಿಯಲ್ಲಿದ್ದದ್ದು ಇನ್ನೂ ಬೇಗ ಚೆಲ್ಲಿತು. ಆಮೇಲೆ ಮುಖವನ್ನು ಪೂರ್ತಿ ಎಡಕ್ಕೆ, ಸೋತ ಕಡೆಗೆ, ತಿರುಗಿಸಿ ಅಂದೆ. ಹಾಗೆ ತಿರುಗಿಸಿದರೆ ಸೋತ ಪಕ್ಕದ ದಾರಿ ಮುಚ್ಚಿಕೊಳ್ಳುತ್ತೆ, ಆಹಾರ ಶಕ್ತಿ ಇರುವ ಪಕ್ಕದಲ್ಲಿ ಇಳಿಯುತ್ತೆ. ಅಮ್ಮನವರು ತಂದಿದ್ದ ಅಂಬಲಿಗೆ ಬಣ್ಣ ಹಾಕಿ ಕೊಟ್ಟೆ. ಬಿಳುಪು ಸರಿಯಿತು. ಬಲಗಡೆ ಸ್ವಚ್ಛ, ಶ್ವಾಸನಾಳ ಸ್ವಚ್ಛ. ಎಡಗುಂಡಿಯಲ್ಲಿ ಒಂಚೂರು ಉಳಿದಿತ್ತು, ಇನ್ನೊಂದು ಸಲ ಬರಿಬಾಯಲ್ಲಿ ನುಂಗಿದಾಗ ಅದೂ ಹೋಯಿತು. ಗಟ್ಟಿ ಗಂಜಿ ಕೊಟ್ಟಾಗ ಮಾತ್ರ ತುಂಬ ಉಳಿಯಿತು. ಮಂದ ಇದ್ದಷ್ಟೂ ಒಳ್ಳೆಯದು ಅಂತ ಮನೆಗಳಲ್ಲಿ ಎಲ್ಲವನ್ನೂ ಗಟ್ಟಿ ಮಾಡಿ ತುರುಕುತ್ತಾರಲ್ಲ, ಅದು ಎಲ್ಲರಿಗೂ ಹೊಂದುವುದಿಲ್ಲ.

ಈ ಅಂಬಲಿ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಅಂಬಲಿ ಕುಡಿಸಿ ಅಂದರೆ ಯಾವ ಅಂಬಲಿ? ಒಂದೊಂದು ಮನೆಯಲ್ಲಿ ಒಂದೊಂದು ಹದ. ಇಡ್ಸಿ ಅಂತ ಅಂತರರಾಷ್ಟ್ರೀಯ ಪದ್ಧತಿ ಇದೆ, ನೀರನ್ನು ಸೊನ್ನೆ ಅಂತ ಇಟ್ಟುಕೊಂಡು ಮಾಮೂಲಿ ಊಟದ 7ರವರೆಗೆ ಒಟ್ಟು 8 ಹಂತ. ಅಳೆಯಲು ಬೇಕಿರುವುದು ಸೂಜಿ ಇಲ್ಲದ ಒಂದು 10 ಮಿಲಿ ಸಿರಿಂಜ್. ಸೊನ್ನೆಯಿಂದ 10ರ ಗೆರೆವರೆಗೆ 61.5 ಮಿಮೀ ಇರುವಂಥದ್ದೇ ಆಗಬೇಕು, ಎಲ್ಲ ಸಿರಿಂಜೂ ಹಾಗಿರುವುದಿಲ್ಲ, ಸ್ಕೇಲ್ ಇಟ್ಟು ನೋಡಿ. ಒಳಗಿನ ದಂಡ ತೆಗೆದು, ಕೆಳಗಿನ ತೂತಿಗೆ ಬೆರಳು ಹಿಡಿದು, 10ರವರೆಗೆ ಅಂಬಲಿ ತುಂಬಿ, ಬೆರಳು ಬಿಟ್ಟು 10 ಸೆಕೆಂಡು ಎಣಿಸಿ ಮತ್ತೆ ಮುಚ್ಚಬೇಕು. 1ರಿಂದ 4 ಮಿಲಿ ಉಳಿದರೆ ಮೊದಲ ಹಂತ, 4ರಿಂದ 8 ಉಳಿದರೆ ಎರಡನೆಯದು, 8ಕ್ಕಿಂತ ಜಾಸ್ತಿ ಉಳಿದರೆ ಮೂರನೆಯದು. ಒಂದು ಹನಿಯೂ ಇಳಿಯದಿದ್ದರೆ ನಾಲ್ಕು.

ಅಮ್ಮನವರೇ ಮೇಜಿನ ಹತ್ತಿರ ನಿಂತು ಮಾಡಿದರು. ಫ್ಲಾಸ್ಕಿನಿಂದ ಬಗ್ಗಿಸಿದ ಬಿಸಿ ಅಂಬಲಿ ಐದೂವರೆ ಮಿಲಿ ಉಳಿಯಿತು, ಅಂದರೆ ಎರಡು. ಅದೇ ಅಂಬಲಿ ಅರ್ಧ ಗಂಟೆ ಲೋಟದಲ್ಲಿ ತಣ್ಣಗಾದ ಮೇಲೆ 9 ಉಳಿಯಿತು, ಅಂದರೆ ಮೂರು. "ಅಯ್ಯೋ, ನಾನು ಆರಿಸಿ ಆರಿಸಿ ಕೊಡ್ತಿದ್ನಲ್ಲಮ್ಮ" ಅಂದರು. ಮೊದಲ ಸಲ ತೂತಿಗೆ ಗಂಟು ಸಿಕ್ಕಿಕೊಂಡು ಅಳತೆಯೇ ಕೆಟ್ಟಿತ್ತು, ಆದ್ದರಿಂದ ಸೋಸಿಯೇ ಅಳೆಯಬೇಕು, ಕುಡಿಸುವುದೂ ಸೋಸಿದ್ದೇ. ಇನ್ನೊಂದು ಮಾತು, ಬಾಯಿಗೆ ಹಾಕಿದ ಚಮಚವನ್ನು ಮತ್ತೆ ಲೋಟಕ್ಕೆ ಅದ್ದಬಾರದು. ಎಂಜಲು ರಾಗಿಯ ಪಿಷ್ಟವನ್ನು ಒಡೆಯುತ್ತೆ, ಲೋಟ ಖಾಲಿ ಆಗುವ ಹೊತ್ತಿಗೆ ಅಂಬಲಿ ನೀರಾಗಿರುತ್ತೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಗುಂಡಿ ತುಂಬುತ್ತಿರುವುದು ಮೇಲಿನ ತಳ್ಳುವ ಶಕ್ತಿ ಸಾಲದೆಯಾ, ಕೆಳಗೆ ಅನ್ನನಾಳದ ಬಾಗಿಲು ತೆರೆಯದೆಯಾ? ಆ ಬಿಳುಪಿನ ಅರ್ಧ ಸೆಕೆಂಡಿನಲ್ಲಿ ಆಗುವುದು ನಳಿಕೆಗೆ ಕಾಣುವುದಿಲ್ಲ. ಅದಕ್ಕೆ ಎಕ್ಸ್-ರೇಯಲ್ಲಿ ಎದ್ದು ಕಾಣುವ ಬೇರಿಯಂ ಬೆರೆಸಿದ ಆಹಾರ ಕೊಟ್ಟು, ನುಂಗುವಾಗ ಪಕ್ಕದಿಂದ ಎಕ್ಸ್-ರೇ ವಿಡಿಯೋ ತೆಗೆಯಬೇಕು. ಮೈಸೂರಿಗೆ ಕಳಿಸಿದೆವು. ನಮ್ಮ ಕಸುಬಿನವರಿಗೆ ಮೈಸೂರು ತವರುಮನೆ ಇದ್ದಹಾಗೆ, ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಏನೇ ಸಂದೇಹ ಬಂದರೂ ಫೋನು ಹೋಗುವುದು ಆ ಊರಿಗೇ. ಅಮ್ಮನವರು ಫ್ಲಾಸ್ಕಿನ ಜೊತೆ ಸಿರಿಂಜನ್ನೂ ಕಟ್ಟಿಕೊಂಡು ಹೋಗಿದ್ದರಂತೆ. ಒಳ್ಳೆಯದೇ ಆಯಿತು, ಬೇರಿಯಂ ಪುಡಿ ಬಿದ್ದ ಮೇಲೆ ಅಂಬಲಿ ಮಂದ ಆಗುತ್ತೆ, ಅಲ್ಲಿ ಮತ್ತೆ ಅಳೆದು ತೆಳು ಮಾಡಿಸಿದರು.

ವಿಡಿಯೋದಲ್ಲಿ ಎರಡೂ ಇತ್ತು. ತಳ್ಳುವ ಶಕ್ತಿ ಕಡಿಮೆ, ಬಾಗಿಲು ತೆರೆಯುವುದು ಸ್ವಲ್ಪ, ಅದೂ ಸ್ವಲ್ಪವೇ ಹೊತ್ತು. ಮುಖ ಎಡಕ್ಕೆ ತಿರುಗಿಸಿದಾಗ ಬಾಗಿಲು ಎದ್ದು ಕಾಣುವಷ್ಟು ಅಗಲ ತೆರೆಯಿತು. ಎರಡು ಪರೀಕ್ಷೆ ಒಂದೇ ಮಾತು ಹೇಳಿದವು. ಎಲ್ಲರಿಗೂ ಎರಡೂ ಬೇಕಿಲ್ಲ. ಎಂಜಲು, ಸ್ಪರ್ಶ, ಧ್ವನಿತಂತು ನೋಡಬೇಕಾದರೆ ನಳಿಕೆ ವಾಸಿ, ಅದನ್ನು ಹಾಸಿಗೆ ಪಕ್ಕಕ್ಕೇ ತರಬಹುದು, ಎಕ್ಸ್-ರೇ ಕಿರಣವೂ ಇಲ್ಲ. ನುಂಗುವ ಕ್ಷಣವನ್ನೂ ಅನ್ನನಾಳದ ಬಾಗಿಲನ್ನೂ ನೋಡಬೇಕಾದರೆ ಬೇರಿಯಂ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. ಊಟ, ಔಷಧಿ ಐದು ವಾರ ಟ್ಯೂಬಿನಲ್ಲೇ. ದಿನಕ್ಕೆ ಮೂರು ಹೊತ್ತು, ಮುಖ ಎಡಕ್ಕೆ ತಿರುಗಿಸಿ, ಅಳೆದ ಅಂಬಲಿ ಕೆಲವು ಚಮಚ, ಜೊತೆಗೆ ಜೋರಾಗಿ ನುಂಗುವ ವ್ಯಾಯಾಮ. ಬಾಯಲ್ಲಿ ತಿನ್ನುವುದೇ ಇಲ್ಲವಲ್ಲ ಅಂತ ಹಲ್ಲುಜ್ಜುವುದನ್ನು ಬಿಟ್ಟಿದ್ದರು, ಅದಕ್ಕೆ ಸ್ವಲ್ಪ ಜೋರು ಮಾಡಿದೆ. ಕೊಳೆ ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದರೆ ಅದೇ ನ್ಯುಮೋನಿಯಾದ ಬೀಜ. ಟ್ಯೂಬ್ ಇದ್ದವರೂ ದಿನಾ ಉಜ್ಜಬೇಕು. ಸಾರು ಕಲೆಸಿದ ಅನ್ನ ಬೇಡ ಅಂದೆ, ಅನ್ನ ಅಗಿಯುವಷ್ಟರಲ್ಲಿ ಸಾರು ಗಂಟಲಿಗೆ ಮೊದಲೇ ಓಡಿಬಿಡುತ್ತೆ.

ನವೆಂಬರ್‌ನಲ್ಲಿ ಮತ್ತೆ ನಳಿಕೆ ಇಳಿಸಿದೆವು. ಎಡಗುಂಡಿ ಹೆಚ್ಚುಕಡಿಮೆ ಖಾಲಿ. ಮುಖ ತಿರುಗಿಸಿ ಕುಡಿದ ನೀಲಿ ನೀರು ಉಸಿರಿನ ದಾರಿಯ ಅಂಚಿಗೆ ಬಂದು ವಾಪಸ್ ಹೋಯಿತು, ಅಂಕ 2. ನೇರ ಕೂತು ಕುಡಿದಾಗ ಧ್ವನಿತಂತು ದಾಟಿತು, ಆದರೆ ಈ ಸಲ ಯಜಮಾನರು ಕೆಮ್ಮಿದರು. ಬಿಡದೆ, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು, ನೀಲಿ ನೀರು ಆಚೆ ಬಂತು. ಅಮ್ಮನವರು ಗಾಬರಿಯಾಗಿ ನೆತ್ತಿ ತಟ್ಟಲು ಓಡಿಬಂದರೆ, ನಾನು ಮತ್ತು ಇಎನ್‌ಟಿ ಡಾಕ್ಟರ್ ಪರದೆ ನೋಡಿ ನಗುತ್ತಾ ನಿಂತಿದ್ದೆವು. ಪಾಪ, ಅವರಿಗೆ ಸಿಟ್ಟೇ ಬಂತು.

ಮುದ್ದೆ ಯಾವಾಗ ಅಂತ ಯಜಮಾನರು ಮೊದಲ ದಿನದಿಂದ ಕೇಳುತ್ತಲೇ ಇದ್ದರು. ಹಾಸನದಲ್ಲಿ ಈ ಕೆಲಸ ಮಾಡುವವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಅಗಿಯದೆ ಇಡೀ ತುತ್ತನ್ನು ಸಾರಿನಲ್ಲಿ ಜಾರಿಸುವ ಊಟಕ್ಕೆ ಆ ಇಡ್ಸಿ ಪದ್ಧತಿಯ 8 ಹಂತಗಳಲ್ಲಿ ಸರಿಯಾದ ಜಾಗವೇ ಇಲ್ಲ. ಗೋಲಿಯಷ್ಟು ತುತ್ತು, ಮೆತ್ತಗಿನ ಮುದ್ದೆ, ಮಂದ ಸಾರು, ಅಗಿದು, ಮುಖ ಎಡಕ್ಕೆ, ಎರಡು ಸಲ ನುಂಗಿ ಅಂತ ಬರೆದುಕೊಟ್ಟೆ. ಚೀಟಿ ಓದಿಸಿಕೊಂಡು "ಅಗಿದು ತಿನ್ನೋದಾದ್ರೆ ಅದು ಮುದ್ದೆ ಹೆಂಗಾಯ್ತದೆ?" ಅಂದರು.

ಈಗ ಊಟಕ್ಕೆ ಕೂತಾಗ ಅಮ್ಮನವರು ಅವರ ಎಡಕ್ಕೇ ಕೂರುತ್ತಾರಂತೆ. ಮುಖ ತಿರುಗಿಸಿ ಅಂತ ತುತ್ತುತುತ್ತಿಗೂ ಹೇಳುವುದು ತಪ್ಪುತ್ತೆ. "ನಲವತ್ತು ವರ್ಷದಲ್ಲಿ ಒಂದಿನಾನೂ ನನ್ನ ಮುಖ ನೋಡ್ಕೊಂಡು ಉಂಡೋರಲ್ಲ, ಈಗ ಡಾಕ್ಟ್ರು ಬರ್ಕೊಟ್ಟವ್ರೆ" ಅಂದರು. ಯಜಮಾನರ ಹೆಗಲ ಮೇಲೆ ಟವೆಲ್ ಇತ್ತು. ಅವರು ಕೂತಿದ್ದ ಇಪ್ಪತ್ತು ನಿಮಿಷದಲ್ಲಿ ಒಂದು ಸಲ ಒರೆಸಿಕೊಂಡರು. ಈ ಸಲ ಫೈಲಿನಲ್ಲಿ ಬರೆದೆ. ಮುಂದಿನ ನಳಿಕೆ ಪರೀಕ್ಷೆ ಫೆಬ್ರವರಿಯಲ್ಲಿ.